ಅಳಿಯನ ಕೈಗೆ ಅರ

ಮುನವಳ್ಳಿ

ತಂಗೀ,

ಮಗಾ ಸೂಟಿಗೆ ಬಂದು ಹಾರ್ಮೋನಿಯಂ ಪೇಟಿ ಕೆಲಸಾ ಕಲೀತೀನಿ ಅಂತಾನ, ಕಳಸ್ಲೋ ಬ್ಯಾಡೋ ಅಂತ ಕೇಳಿದಿ. ಕಳಸು. ಆದ್ರ ಬಂದ ಕೂಡ್ಲೇ ಅವನ ಕೈಯಾಗ ಅರ ಕೊಡಾಂಗಿಲ್ಲ, ಮೊದಲ ಹೇಳಿಬಿಡು. ಅಪ್ಪ ನನಗೂ ಕೊಟ್ಟಿರಲಿಲ್ಲ. ತಿದಿಗೆ ಚರ್ಮ ಅಂಟಸೂದು, ಇಲಿ ಕಡದ ತೂತು ಮುಚ್ಚೂದು, ಧೂಳ ಝಾಡಸೂದು, ಇದರಾಗ ನನ್ನ ಹುಡುಗತನಾನ ಹೋತು.

ಧೂಳಂದ್ರ ಎಂಥಾ ಧೂಳ! ಭಾರತ ಹುಣ್ಣಿಮಿ ಮುಗಿಸಿ ಎಲ್ಲಮ್ಮನ ಗುಡ್ಡದಿಂದ ಬಂದ ಪೇಟಿ ಬಿಚ್ಚಿದ್ರ ಒಳಗೆಲ್ಲ ಅರಿಶಿಣದ ಭಂಡಾರ. ಹಿತ್ತಾಳಿ ರೀಡಿನ ಸಂದ್ಯಾಗ ಒಂದ ಕಣ ಸಿಕ್ರೂ ಸಾಕು, ಸ್ವರ ಮೂಕ ಆಗತೈತಿ. ಭಜನಿಯವರು ‘ಪಾಲಿತಾಣಾದ ಹೊಸಾ ರೀಡು ಹಾಕ್ರಿ’ ಅಂತಾರ. ತೆಳು ಕಾಗದ ಹಾಯಿಸಿ ಊದಿದ್ರ ಹಳೇದ ಹಾಡತೈತಿ. ಅದಕ್ಕ ರೊಕ್ಕಾ ಕೇಳಾಕ ನನಗ ಬಾಯಿ ಬರೂದಿಲ್ಲ, ನಿನ್ನ ವೈನಿ ಬೈತಾಳ.

ಅರದ ಮಾತ ಬ್ಯಾರೆ. ರೀಡಿನ ನಾಲಿಗಿ ತುದೀಗೆ ತಿಕ್ಕಿದ್ರ ಸ್ವರ ಏರತೈತಿ, ಬುಡಕ್ಕ ತಿಕ್ಕಿದ್ರ ಇಳೀತೈತಿ. ಏರಸೂದು ಇಳಸೂದು ಮಾಡಕೋಂತ ಕುಂತ್ರ ನಾಲಿಗಿ ಸವದು, ಒಂದಿನ ಹಾಡೋ ಮುಂದನ ಪಟ್ಟನ ಮುರೀತೈತಿ. ಇನ್ನ ಗಾಂಧಾರದ ತಕರಾರು ಅಂತೂ ಮುಗಿಯೂದ ಅಲ್ಲ. ಪಿಯಾನೋದಂಗ ಪೇಟ್ಯಾಗೂ ಹನ್ನೆರಡು ಸ್ವರ ಸಮಾ ಹಂಚಿರ್ತಾರ. ತಂಬೂರಿ ಹಚಗೊಂಡು ಹಾಡೋರಿಗೆ ಆ ಗಾಂಧಾರ ಚೂರು ಏರೇ ಅನಸತೈತಿ. ಇಳಿಸಿಕೊಡ್ರಿ ಅಂತಾರ. ಕರಿ ಒಂದನೇ ಮನಿ ಷಡ್ಜ ಹಿಡದ್ರ ಅದರ ಗಾಂಧಾರ ಅಂದ್ರ ಬಿಳಿ ನಾಕನೇ ಮನಿ. ಅದನ್ನ ಇಳಿಸಿಕೊಟ್ಟೆ ಅನ್ನು, ಮರುದಿನ ಬಿಳಿ ನಾಕಕ್ಕ ಹಾಡೋ ಹೆಣ್ಣಮಗಳು ಬಂದ್ರ ಆಕೀ ಷಡ್ಜಾನ ಕೆಳಗ ಕುಂತಿರತೈತಿ! ಯಾರ ಪೇಟಿ, ಯಾರು ಹಾಡ್ತಾರ ಅಂತ ಕೇಳದ ಅರ ಮುಟ್ಟಬಾರದು.

ಈ ಗಾಂಧಾರದ ತಕರಾರ ಮುಂದ ಮಾಡಿ, ವಿದೇಶಿ ವಾದ್ಯ ಅಂತ ಅಂದು, ಆಕಾಶವಾಣಿಯವರು 1940ರಿಂದ 1971ರ ತನಕ ಪೇಟಿ ಬಂದ್ ಮಾಡಿದ್ರಲ್ಲ. ಆಗೂ ಬೆಳಗಾವ್ಯಾಗ ರಾಮಭಾವು ಬಿಜಾಪುರೆಯವರು ಪೇಟಿ ಕಲಸೂದು ಬಿಡಲಿಲ್ಲ, ನಾಟಕ ಕಂಪನಿಯವರು ಕಾಲ್ಪೇಟಿ ಬಿಡಲಿಲ್ಲ. ನಮ್ಮ ಅಂಗಡಿಗೆ ರೇಡಿಯೋದವ ಯಾವಾಗ ಗಿರಾಕಿ ಇದ್ದ, ಹೇಳು?

ಈ ಕೆಲಸದ ಮ್ಯಾಲ ಸಂಸಾರ ನಡೀತೈತಿ ಅಂತ ಸುಳ್ಳ ಹೇಳೂದಿಲ್ಲ. ಸಾಲಿ ಬಿಡಸಬ್ಯಾಡ, ಸೂಟ್ಯಾಗ ಅಷ್ಟ ಬರಲಿ. ಮೊಬೈಲಿನ್ಯಾಗ ಸ್ವರ ಅಳೀತೈತಂತಲ್ಲ, ಅದನ್ನೂ ತರಲಿ, ನಾನೂ ನೋಡತೀನಿ. ಬರೋ ಮುಂದ ಧಾರವಾಡದಾಗ ತಿದಿಗೆ ಹಚ್ಚೂ ಮೆತ್ತನ್ನ ಚರ್ಮ ಸಿಕ್ರ ಒಂದ ತುಂಡು ಕಟ್ಟಿಕೊಡು, ಇಲ್ಲಿ ಬರೇ ರೆಕ್ಸಿನ್ ಸಿಗತೈತಿ.

ನಿನ್ನ ಅಣ್ಣ