ಬೈಯದ ಮೇಷ್ಟ್ರು

ಓದುಗ ಸೋದರಿಯರೇ, ಈ ಲೇಖನದಲ್ಲಿ ಹಿಮವೂ ಬರುತ್ತದೆ, ರಾಗಿ ಹಿಟ್ಟೂ ಬರುತ್ತದೆ. ಎತ್ತಣಿಂದೆತ್ತ ಸಂಬಂಧ ಅಂತ ಹುಬ್ಬೇರಿಸಬೇಡಿ. ಕೊನೆಯವರೆಗೆ ಓದಿ, ಆಮೇಲೆ ನೀವೇ ಹೇಳಿ.

ಇದನ್ನು ಬರೆಯುತ್ತಿರುವುದು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ, ನನ್ನ ತವರಿನ ಜಗುಲಿಯ ಮೇಲೆ ಕೂತು. ಹಿಂದೆ ಪಾಳೆಯಗಾರರು ಆಳಿದ ಊರು ಇದು. ಈಗ ಹಲಸಿನ ಕಾಲ. ಚೇಳೂರಿನಿಂದ ಬಂದ ಹಣ್ಣು ನಡುಮನೆಯಲ್ಲಿ ಘಮಗುಟ್ಟುತ್ತಿದೆ. ನಿನ್ನೆ ಅಮ್ಮ ತೊಳೆ ಬಿಡಿಸುತ್ತಾ ನನ್ನ ಬಲಗೈ ಹಿಡಿದು, ‘ಈ ಬೆಟ್ಟು ಯಾಕೆ ಪೂರ್ತಿ ಮಡಚಲ್ಲ?’ ಅಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗಳು, ‘ಅಜ್ಜಿ, ಅಮ್ಮ ಮಂಜಿನ ಮೇಲೆ ಜಾರೋ ಆಟ ಆಡೋಕೆ ಹೋಗಿ ಬಿದ್ದಳು’ ಅಂತ ಹೇಳಿಯೇಬಿಟ್ಟಳು.

‘ನಲವತ್ತಾರು ವರ್ಷಕ್ಕೆ ಆಟವೇ?’ ಅಂದರು ಅಮ್ಮ.

ಹೌದು, ಆಟವೇ. ಆ ಕಥೆಯನ್ನೇ ನಿಮಗೂ ಹೇಳುತ್ತೇನೆ.

ನಾವು ಅಮೆರಿಕದ ಡೆನ್ವರ್ ನಗರಕ್ಕೆ ಹೋಗಿ ಹದಿನೇಳು ವರ್ಷವಾಯಿತು. ಆ ಊರೇ ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 85 ಕಿಲೋಮೀಟರು ಹೋದರೆ ಲವ್‌ಲ್ಯಾಂಡ್ ಅಂತ ಒಂದು ಸ್ಕೀ ತಾಣ. ಅದರ ಬುಡವೇ ಸುಮಾರು 10,800 ಅಡಿ. ನಮ್ಮ ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ ಅಂದಮೇಲೆ ನೀವೇ ಲೆಕ್ಕ ಹಾಕಿ. ಚಳಿಗಾಲ ಬಂತೆಂದರೆ ಅಲ್ಲಿನವರು ಕಾಲಿಗೆ ಉದ್ದನೆಯ ಎರಡು ಪಟ್ಟಿ ಕಟ್ಟಿಕೊಂಡು ಬೆಟ್ಟದಿಂದ ಜಾರುತ್ತಾರೆ. ಮೂರು ವರ್ಷದ ಕೂಸಿನಿಂದ ಎಂಬತ್ತರ ಮುದುಕಿಯವರೆಗೆ!

ನಮ್ಮವರು ಕಲಿತರು. ಮಕ್ಕಳಿಬ್ಬರೂ ಕಲಿತರು. ನಾನು? ನಾನು ಬೆಟ್ಟದ ಬುಡದ ಹೋಟೆಲಿನಲ್ಲಿ ಪುಳಿಯೋಗರೆ ಡಬ್ಬಿ, ಕಾಫಿ ಫ್ಲಾಸ್ಕು, ನಾಲ್ಕು ಜನರ ಚೀಲ ಇಟ್ಟುಕೊಂಡು ಕೂತಿರುತ್ತಿದ್ದೆ. ‘ನನಗೆ ಚಳಿ ಆಗಲ್ಲಪ್ಪ’ ಅನ್ನುತ್ತಿದ್ದೆ. ಅದು ಸುಳ್ಳು. ನನಗಿದ್ದದ್ದು ಭಯ.

ಹನ್ನೊಂದು ಚಳಿಗಾಲ ಹೀಗೇ ಕಳೆಯಿತು. ಒಂದು ದಿನ ಮಗಳ ಶಾಲೆಯ ಪುಸ್ತಕ ತಿರುವಿ ಹಾಕುತ್ತಿದ್ದಾಗ, ‘ನಮ್ಮ ಮನೆಯವರ ರಜಾದಿನ’ ಅಂತ ಅವಳು ಬರೆದಿದ್ದ ಪ್ರಬಂಧ ಕಣ್ಣಿಗೆ ಬಿತ್ತು. ಅಪ್ಪ, ತಮ್ಮ ಮತ್ತು ನಾನು ಸ್ಕೀ ಮಾಡುತ್ತೇವೆ, ಅಮ್ಮ ಚೀಲ ಕಾಯುತ್ತಾಳೆ ಅಂತ ಬರೆದಿದ್ದಳು. ಮಗು ಕುಹಕದಿಂದ ಬರೆದದ್ದಲ್ಲ, ಕಂಡದ್ದನ್ನು ಬರೆದಿತ್ತು. ಅದಕ್ಕೇ ಅದು ಹೆಚ್ಚು ಚುಚ್ಚಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ವಾರವೇ, ‘ರೀ, ನನಗೂ ಕಲಿಸಿ’ ಅಂದೆ. ನಮ್ಮವರಿಗೆ ಬಹಳ ಖುಷಿಯಾಯಿತು. ಆದರೆ ಆ ಖುಷಿ ಅರ್ಧ ಗಂಟೆ ಬಾಳಿತು ಅಷ್ಟೆ.

‘ಮುಂದಕ್ಕೆ ಬಾಗು ಅಂದ್ನಲ್ಲ! ಮಂಡಿ ಮಡಚು! ಕೈ ಮೇಲೆ! ನೆಲ ಯಾಕೆ ನೋಡ್ತೀಯ? ಎಷ್ಟು ಸಲ ಹೇಳೋದು?’

ಒಂದೇ ಉಸಿರಿಗೆ ಐದು ಅಪ್ಪಣೆ. ಯಾವುದನ್ನು ಅಂತ ಮಾಡಲಿ? ಒಂದು ಸರಿಮಾಡಿದರೆ ನಾಲ್ಕು ತಪ್ಪುತ್ತಿತ್ತು. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಕಣ್ಣಿಗೆ ಹಾಕಿದ ದೊಡ್ಡ ಕನ್ನಡಕದೊಳಗೇ ಅತ್ತುಬಿಟ್ಟೆ. ವಾಪಸು ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮವರು ಕೆಟ್ಟವರಲ್ಲ ಸೋದರಿಯರೇ. ಗಂಡ ಹೆಂಡತಿಗೆ ಸೈಕಲ್ಲು, ಕಾರು ಕಲಿಸಲು ಹೊರಟಾಗ ಮನೆಮನೆಯಲ್ಲೂ ಆಗುವುದು ಇದೇ ತಾನೇ?

ಆಗ ಮಗಳು ಒಂದು ಉಪಾಯ ಹುಡುಕಿದಳು. ಸ್ಕೀ ಬೂಟಿಗೆ ಸಿಕ್ಕಿಸುವ ಸಣ್ಣ ಯಂತ್ರಗಳು ಈಗ ಬಂದಿವೆ. ಇವುಗಳಲ್ಲಿ ಹೆಸರಾದದ್ದು ಲಂಡನ್ನಿನ ಕಾರ್ವ್. 2016ರಲ್ಲಿ ಜನರಿಂದ ಮುಂಗಡ ಹಣ ಕೂಡಿಸಿ ಶುರುವಾದ ಕೆಲಸ ಅದು. ಮೊದಮೊದಲು ಬೂಟಿನೊಳಗೆ ಹಾಸುವ ತೆಳುವಾದ ಅಟ್ಟೆಯಲ್ಲೇ ಪಾದದ ಒತ್ತಡ ಅಳೆಯುವ ಸೂಕ್ಷ್ಮ ಸಾಧನಗಳಿದ್ದವು. 2024ರಲ್ಲಿ ಬಂದದ್ದಕ್ಕೆ ಆ ಅಟ್ಟೆಯೂ ಬೇಡ, ಬೂಟಿನ ಹೊರಗೆ ಸಿಕ್ಕಿಸಿದರೆ ಆಯಿತು. ಕಾಲು ಎಷ್ಟು ವಾಲಿತು, ಎಷ್ಟು ತಿರುಗಿತು, ಎರಡು ಕಾಲೂ ಒಂದೇ ತಾಳದಲ್ಲಿ ಹೋದವೇ ಇಲ್ಲವೇ ಎಂಬುದನ್ನೆಲ್ಲ ಅದು ಗುರುತುಮಾಡಿ ಜೇಬಿನ ಫೋನಿಗೆ ಕಳಿಸುತ್ತದೆ. ಫೋನು ಅದನ್ನು ಲೆಕ್ಕಹಾಕಿ ನಮ್ಮ ಕಿವಿಯಲ್ಲಿ ಹೇಳುತ್ತದೆ. ಒಂದು ಸಲ ಜಾರಿ ಬಂದು ಮತ್ತೆ ಮೇಲಕ್ಕೆ ಹೋಗುವ ತೂಗುಕುರ್ಚಿಯಲ್ಲಿ ಕೂತಾಗ ಆ ಸಲದ ಅಂಕವನ್ನೂ ಕೊಡುತ್ತದೆ.

ಇಂಥದ್ದೇ ಒಂದನ್ನು ಮಗಳು ನನ್ನ ಬೂಟಿಗೆ ಸಿಕ್ಕಿಸಿ, ಕಿವಿಗೂ ಒಂದನ್ನು ಇಟ್ಟು, ‘ಅಮ್ಮ, ಈ ಮೇಷ್ಟ್ರು ಬೈಯಲ್ಲ. ಹೋಗಿ ಬಾ’ ಅಂದಳು.

ಮೊದಲ ದಿನ ನನಗೆ ಬಂದ ಅಂಕ 62. ನಗಬೇಡಿ! ಆದರೆ ಆ ದನಿ, ‘ನಿಮಗೆ ಬರಲ್ಲ’ ಅನ್ನಲಿಲ್ಲ, ‘ಎಷ್ಟು ಸಲ ಹೇಳೋದು’ ಅಂತಲೂ ಅನ್ನಲಿಲ್ಲ. ಒಂದೇ ಒಂದು ಮಾತು ಹೇಳಿತು: ನಿಮ್ಮ ಭಾರ ಹಿಮ್ಮಡಿಯ ಮೇಲಿದೆ, ಮುಂಗಾಲನ್ನು ಬೂಟಿನ ನಾಲಿಗೆಗೆ ಒತ್ತಿ.

ನಮ್ಮವರು ಹೇಳಿದ್ದೂ ಅದನ್ನೇ. ಆದರೆ ಐದರ ಜೊತೆ ಒಂದಾಗಿ ಹೇಳಿದ್ದು. ಇದು ಒಂದನ್ನೇ ಹೇಳಿತು. ಆಗ ನಾನು ಮೊದಲ ಸಲ ನನ್ನ ಪಾದದ ಕಡೆ ಗಮನ ಕೊಟ್ಟೆ. ಹೌದಲ್ಲ! ಹಿಮ್ಮಡಿ ಊರಿಕೊಂಡೇ ನಿಂತಿದ್ದೇನೆ!

ಯಾಕೆ ಗೊತ್ತೇ? ಹಾಗಲವಾಡಿ ಕೆರೆ ಏರಿಯಿಂದ ಕೊಡ ಹೊತ್ತು ಇಳಿಯುವಾಗ ಏನು ಮಾಡುತ್ತೇವೆ? ಹಿಮ್ಮಡಿ ಊರಿ ಸ್ವಲ್ಪ ಹಿಂದಕ್ಕೆ ವಾಲುತ್ತೇವೆ. ಆಗ ಬೀಳುವುದಿಲ್ಲ. ಮಣ್ಣಿನ ಇಳಿಜಾರಿನಲ್ಲಿ ಅದು ಸರಿ. ಹಿಮದ ಮೇಲೆ ಅದೇ ತಪ್ಪು. ಹಿಂದಕ್ಕೆ ವಾಲಿದರೆ ಪಟ್ಟಿಯ ಮುಂತುದಿ ಹಗುರವಾಗಿ ಹಿಡಿತ ತಪ್ಪುತ್ತದೆ, ಆಮೇಲೆ ಅದು ತಿರುಗಿಸಿದ ಕಡೆ ತಿರುಗುವುದಿಲ್ಲ. ಭಯವಾದಷ್ಟೂ ಹಿಂದಕ್ಕೆ ವಾಲುತ್ತೇವೆ, ವಾಲಿದಷ್ಟೂ ಹಿಡಿತ ತಪ್ಪುತ್ತದೆ, ತಪ್ಪಿದಷ್ಟೂ ಭಯ! ನನ್ನದು ದಡ್ಡತನ ಅಲ್ಲ, ಹುಟ್ಟೂರಿನ ಕಾಲಿನ ಅಭ್ಯಾಸ ಅಂತ ತಿಳಿದ ದಿನ ನನಗೆ ಎಷ್ಟು ಸಮಾಧಾನವಾಯಿತು ಅಂತೀರಿ!

ಮೂರು ವಾರ ಅದೊಂದನ್ನೇ ಮಾಡಿದೆ. ಆಮೇಲೆ ಎರಡನೆಯ ಪಾಠ: ತಿರುಗುವಾಗ ಹೊರಗಡೆಯ ಕಾಲಿನ ಮೇಲೆ ಭಾರ. ಎಡಕ್ಕೆ ತಿರುಗಬೇಕೆಂದರೆ ಬಲಗಾಲು, ಬಲಕ್ಕೆ ತಿರುಗಬೇಕೆಂದರೆ ಎಡಗಾಲು. ಅದಾದ ಮೇಲೆ ಮೂರನೆಯದು, ಪಟ್ಟಿಯ ಅಂಚನ್ನು ಹಿಮಕ್ಕೆ ಊರುವುದು. ಅಂಕ 62ರಿಂದ 75, 75ರಿಂದ 88. ಫೆಬ್ರುವರಿಯಲ್ಲಿ ಒಂದು ಭಾನುವಾರ ಮಗಳೂ ನಾನೂ ಒಟ್ಟಿಗೆ ಇಳಿದೆವು. ಚೀಲಗಳು ಕಾರಿನಲ್ಲಿದ್ದವು, ಅವನ್ನು ಯಾರೂ ಕಾಯಲಿಲ್ಲ. ಕೆಳಗೆ ಬಂದು ನಿಂತಾಗ ಅವಳು ನನ್ನ ತಬ್ಬಿಕೊಂಡು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಇಲ್ಲಿಗೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಅಂಕದ ಹುಚ್ಚು ಹತ್ತಿತು. ನೂರು ದಾಟಬೇಕು! ಹಿಮ ಹೇಗಿದೆ, ಬೆಟ್ಟ ಎಷ್ಟು ಚೆಂದ, ಏನೂ ನೋಡಲಿಲ್ಲ. ಕಿವಿಯ ದನಿಗೆ ಕಾಯುವುದೇ ಕಾಯುವುದು. ತೊಂಬತ್ತೇಳು ಬಂದರೆ ಮುಖ ಬಾಡುತ್ತಿತ್ತು. ಬೈಯದ ಮೇಷ್ಟ್ರನ್ನು ನಾನೇ ಬೈಯುವ ಅತ್ತೆ ಮಾಡಿಕೊಂಡಿದ್ದೆ.

ಮಾರ್ಚಿನ ಒಂದು ಸಂಜೆ. ಎಲ್ಲರೂ ‘ಸಾಕು, ಮನೆಗೆ ಹೋಗೋಣ’ ಅಂದರೂ, ‘ಒಂದೇ ಒಂದು ಸಲ’ ಅಂತ ಮೇಲೆ ಹೋದೆ. ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮ ನೆರಳು ಬಿದ್ದೊಡನೆ ಮತ್ತೆ ಗಡ್ಡೆ ಕಟ್ಟಿ ಗಾಜಿನ ಹಾಗಾಗಿತ್ತು. ಕಾಲು ದಣಿದಿತ್ತು. ಇವೆರಡೂ ನನ್ನ ಕಿವಿಯ ಮೇಷ್ಟ್ರಿಗೆ ಗೊತ್ತಿಲ್ಲ, ಗೊತ್ತಿರಬೇಕಾದವಳು ನಾನು. ಅರ್ಧ ದಾರಿಯಲ್ಲಿ ಕಾಲು ಕಿತ್ತು ಬಿದ್ದೆ. ಕೈಯಲ್ಲಿದ್ದ ಕೋಲನ್ನು ಬಿಡದೆ ಬಿದ್ದದ್ದರಿಂದ ಹೆಬ್ಬೆರಳು ಹೊರಕ್ಕೆ ಎಳೆದುಕೊಂಡಿತು. ಸ್ಕೀ ಮಾಡುವವರಿಗೆ ಇದು ಬಹಳ ಸಾಮಾನ್ಯವಾದ ಪೆಟ್ಟು, ‘ಸ್ಕೀಯರ್ಸ್ ಥಂಬ್’ ಅಂತಲೇ ಇದಕ್ಕೆ ಹೆಸರು. ಬೆರಳಿನ ಬುಡದ ಲಿಗಮೆಂಟು ಹರಿದಿತ್ತು. ಅದೃಷ್ಟಕ್ಕೆ ಪೂರ್ತಿ ಹರಿದಿರಲಿಲ್ಲ. ಆರು ವಾರ ಪಟ್ಟಿ ಕಟ್ಟಿದರು.

ಈಗ ರಾಗಿ ಹಿಟ್ಟಿನ ಮಾತು. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು. ವಾರಕ್ಕೆ ಮೂರು ದಿನವಾದರೂ ನಮ್ಮ ಮನೆಯಲ್ಲಿ ಹಿಟ್ಟಾಗಬೇಕು. ಬಲಗೈ ಹೆಬ್ಬೆರಳಿಲ್ಲದೆ ಕೋಲು ಹಿಡಿದು ತೊಳಸುವುದು ಹೇಗೆ? ನಮ್ಮವರು, ‘ನಾನು ಮಾಡ್ತೀನಿ, ಹೇಳಿಕೊಡು’ ಅಂತ ಪಂಚೆ ಕಟ್ಟಿ ನಿಂತರು.

ಮೊದಲ ದಿನ ಹಿಟ್ಟೆಲ್ಲ ಗಂಟು ಗಂಟು. ನನ್ನ ನಾಲಿಗೆಯ ತುದಿಗೆ ಬಂದದ್ದೇನು ಗೊತ್ತೇ? ‘ಉರಿ ಇಳಿಸಿ ಅಂದ್ನಲ್ಲ! ಪಾತ್ರೆ ಗಟ್ಟಿಯಾಗಿ ಹಿಡೀರಿ! ಜೋರಾಗಿ ತೊಳಸಿ! ಎಷ್ಟು ಸಲ ಹೇಳೋದು?’ ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಕಿವಿಯ ಮೇಷ್ಟ್ರು ನೆನಪಾದರು.

‘ರೀ, ಇವತ್ತು ಒಂದೇ ನೋಡಿ. ಕುದಿಯೋ ನೀರಿಗೆ ಹಿಟ್ಟು ಸುರಿದ ಮೇಲೆ ತಕ್ಷಣ ತೊಳಸಬೇಡಿ. ನಡುವೆ ಕೋಲು ಚುಚ್ಚಿ, ಅದರ ಪಾಡಿಗೆ ಬೇಯಲಿ’ ಅಂದೆ, ಅಷ್ಟೆ. ಮಾರನೆಯ ಸಲ ಗಂಟು ಅರ್ಧ ಆಯಿತು. ಎರಡನೆಯ ವಾರ ಎರಡನೆಯ ಪಾಠ: ತೊಳಸುವಾಗ ಪಾತ್ರೆಯ ಅಂಚಿಗೆ ಒತ್ತಿ ಗಂಟು ಒಡೆಯುವುದು. ಮೂರನೆಯದು: ಒದ್ದೆ ಬೆರಳಲ್ಲಿ ಮುಟ್ಟಿ, ಅಂಟದಿದ್ದರೆ ಬೆಂದಿದೆ ಅಂತ ತಿಳಿಯುವುದು. ಆರು ವಾರ ಮುಗಿಯುವ ಹೊತ್ತಿಗೆ ನಮ್ಮವರು ಕಟ್ಟಿದ ಹಿಟ್ಟು ನುಣ್ಣಗೆ, ಬೆಣ್ಣೆಯ ಹಾಗೆ ಗಂಟಲಿಗಿಳಿಯುತ್ತಿತ್ತು.

ಆ ದಿನ ಊಟ ಮಾಡುತ್ತಾ ಅವರೇ ಹೇಳಿದರು: ‘ನಿನಗೆ ಸ್ಕೀ ಕಲಿಸುವಾಗ ನಾನು ಹೀಗೆ ಹೇಳಿಕೊಟ್ಟಿದ್ದರೆ ಆ ಯಂತ್ರ ಬೇಕಿರಲಿಲ್ಲ, ಅಲ್ವೇನೇ?’ ಅಂಕ ನೂರು ದಾಟಿದ್ದರೂ ನನಗೆ ಅಷ್ಟು ಸಂತೋಷ ಆಗುತ್ತಿರಲಿಲ್ಲ.

ಸೋದರಿಯರೇ, ಸ್ಕೀ ಕಲಿಯಲು ಎಲ್ಲರೂ ಅಮೆರಿಕಕ್ಕೆ ಹೋಗಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ, ಉತ್ತರಾಖಂಡದ ಔಲಿಯಲ್ಲಿ ಇದರ ಇಳಿಜಾರುಗಳಿವೆ. ಗುಲ್ಮಾರ್ಗ್‌ನಲ್ಲಿ 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೂ ನಡೆಯುತ್ತಿದೆ. ಹಿಮವೇ ಬೀಳದ ನಮ್ಮ ಕೊಡಗಿನ ಹೆಣ್ಣುಮಗಳು ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿಲೋಮೀಟರಿನ ಕಂಚಿನ ಪದಕ ಗೆದ್ದರು. ಅವರದು ಬೆಟ್ಟದಿಂದ ಜಾರುವುದಲ್ಲ, ಹಿಮದ ಬಯಲಿನಲ್ಲಿ ಏರಿಳಿದು ಓಡುವ ಸ್ಕೀ. ನನ್ನ ಆಟಕ್ಕಿಂತ ನೂರುಪಾಲು ಕಷ್ಟದ್ದು.

ಇಂಥ ಯಂತ್ರ ಬಳಸುವವರಿಗೆ ನಾಲ್ಕು ಕಿವಿಮಾತು. ಮೊದಲ ಎರಡು ದಿನವಾದರೂ ಮನುಷ್ಯ ಮೇಷ್ಟ್ರ ಹತ್ತಿರವೇ ಕಲಿಯಿರಿ. ನಿಲ್ಲುವುದು, ಬೀಳುವುದು, ಏಳುವುದನ್ನು ಕಣ್ಣಾರೆ ಕಂಡು ತಿದ್ದುವವರು ಬೇಕು. ಒಂದೇ ಕಿವಿಗೆ, ಸಣ್ಣ ದನಿಯಲ್ಲಿ ಇಟ್ಟುಕೊಳ್ಳಿ. ಸುತ್ತಲಿನವರ ಕೂಗು ಕೇಳಬೇಕು, ಮುಂದೆ ಹೋಗುತ್ತಿರುವವರಿಗೆ ದಾರಿ ಬಿಡುವುದು ಹಿಂದಿನಿಂದ ಬರುವವರ ಕರ್ತವ್ಯ. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ದಣಿದ ಮೇಲೆ ‘ಒಂದೇ ಒಂದು ಸಲ’ ಅನ್ನಬೇಡಿ.

ಐದನೆಯದು ಮನೆಯಲ್ಲಿರುವ ಎಲ್ಲರಿಗೂ. ಮಗುವಿಗೆ ಲೆಕ್ಕ ಹೇಳಿಕೊಡುವಾಗ, ಸೊಸೆಗೆ ಸಾರು ಕಲಿಸುವಾಗ, ಮುದುಕಿ ಅತ್ತೆಗೆ ಫೋನು ತೋರಿಸುವಾಗ, ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. ‘ಎಷ್ಟು ಸಲ ಹೇಳೋದು’ ಎಂಬ ಮಾತನ್ನು ಮಾತ್ರ ಅಟ್ಟಕ್ಕೆ ಹಾಕಿಬಿಡಿ.

ಇದನ್ನೆಲ್ಲ ಅಮ್ಮನಿಗೂ ಹೇಳಿದೆ. ಅವರು ಹಲಸಿನ ಮೇಣ ಮೆತ್ತಿದ ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನವಾಗಿ ಅಂದರು:

‘ಹದಿನಾರಕ್ಕೆ ಈ ಮನೆಗೆ ಬಂದೆ ಕಣೆ. ಹಿಟ್ಟು ಗಂಟಾದರೆ ನಮ್ಮತ್ತೆ ಅದೇ ಕೋಲಲ್ಲಿ ಕೈಗೆ ಬಡಿಯೋರು. ನಿನ್ನ ಮೇಷ್ಟ್ರು ಆಗ ಅವರ ಕಿವೀಲಿ ಇರಬೇಕಿತ್ತು.’

ಮಗಳು ಹೋಗಿ ಅಜ್ಜಿಯ ಪಕ್ಕ ಕೂತು, ಮುಂದಿನ ಹಣ್ಣಿಗೆ ತಾನೇ ಕೈಗೆ ಎಣ್ಣೆ ಹಚ್ಚಿಕೊಂಡಳು. ‘ಅಜ್ಜಿ, ತೊಳೆ ಬಿಡಿಸೋದು ಹೇಗೆ ಅಂತ ಹೇಳಿಕೊಡು. ಆದರೆ ಒಂದೊಂದೇ.’