ಹರಾಜಿನ ಬೆಲೆ, ಮೈದಾನದ ಆಟ

ನಮ್ಮ ಮೂಡಿಗೆರೆ, ಕಳಸ ಕಡೆಯ ಟೆನಿಸ್ ಬಾಲ್ ಟೂರ್ನಿಗಳಿಗೂ ಈಗ ಆಟಗಾರರ ಹರಾಜು ಬಂದಿದೆ. ವರದಿಗೆ ಹೋದಾಗಲೆಲ್ಲ ನನ್ನ ಕಣ್ಣು ಹೋಗುವುದು ಜಾಸ್ತಿ ಬೆಲೆಗೆ ಹೋದವನ ಕಡೆಗಲ್ಲ, ಹೆಸರು ಕೂಗಿದಾಗ ಯಾರೂ ಕೈ ಎತ್ತದ ಹುಡುಗನ ಕಡೆಗೆ. ತನ್ನ ಯೋಗ್ಯತೆ ಇಷ್ಟೇ ಅಂದುಕೊಂಡುಬಿಡುತ್ತಾನೆ ಅವನು.

ಬೆಲೆ ಅಷ್ಟು ನಿಜ ಹೇಳುತ್ತದೆಯೇ? 2021ರ ಐಪಿಎಲ್ ಹರಾಜಿನಲ್ಲಿ ನಮ್ಮ ಕರ್ನಾಟಕದ ಕೆ. ಗೌತಮ್‌ಗೆ ಚೆನ್ನೈ ಕೊಟ್ಟಿದ್ದು 9.25 ಕೋಟಿ. ಆ ವರ್ಷ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. 2023ರಲ್ಲಿ ಆರ್‌ಸಿಬಿ ಶ್ರೇಯಾಂಕಾ ಪಾಟೀಲ್ ಅವರನ್ನು ಕೊಂಡಿದ್ದು ಬರೀ 10 ಲಕ್ಷಕ್ಕೆ. ಮರುವರ್ಷದ ಡಬ್ಲ್ಯುಪಿಎಲ್ ಫೈನಲ್‌ನಲ್ಲಿ 12 ರನ್ ಕೊಟ್ಟು 4 ವಿಕೆಟ್ ತೆಗೆದರು, ಕಪ್ ಬಂತು. ಹಾಗಂತ ಬೆಲೆ ಪೂರ್ತಿ ಸುಳ್ಳೂ ಅಲ್ಲ. ಆ ಕಪ್ ಎತ್ತಿದ ನಾಯಕಿ ಸ್ಮೃತಿ ಮಂದಾನ 3.40 ಕೋಟಿಗೆ ಬಂದವರು.

ಬೆಲೆ ಕಟ್ಟುವವರು ಕಂಡಷ್ಟಕ್ಕೆ ಕಟ್ಟುತ್ತಾರೆ. ನಮ್ಮ ಕಾಫಿ ಬೀಜದ್ದೂ ಅದೇ ಕಥೆ: ಜರಡಿ ಗಾತ್ರ ಹೇಳುತ್ತದೆ, ರುಚಿ ಗೊತ್ತಾಗುವುದು ಕುಡಿದಾಗಲೇ. ತೋಟದ ಲೈನ್ ಮನೆಯ ಹುಡುಗನ ಆಟವನ್ನು ನೋಡಿದವರೇ ಕಡಿಮೆ. ಟೂರ್ನಿ ನಡೆಸುವ ಅಣ್ಣಂದಿರೇ, ಹರಾಜಿಗೆ ಮುಂಚೆ ಒಂದು ಭಾನುವಾರ ಎಲ್ಲರನ್ನೂ ಆಡಿಸಿ ನೋಡಿ. ಬೆಲೆ ಆಮೇಲೆ ಕೂಗಿ.