ಎಡತೋಳಿನ ಗುರುತು

ನನ್ನ ಎಡತೋಳಿನ ಮೇಲೆ ಎಂಟಾಣೆ ಅಗಲದ ಎರಡು ಗುರುತುಗಳಿವೆ. ಚಿಕ್ಕಂದಿನಲ್ಲಿ ಮೈಲಿ ಹಾಕಿಸಿದ್ದು. ಮೊಮ್ಮಗಳು ಅದರ ಮೇಲೆ ಬೆರಳಾಡಿಸಿ, "ಅಜ್ಜಿ, ಸುಟ್ಟುಕೊಂಡಿದ್ದಾ?" ಎನ್ನುತ್ತಾಳೆ. ಅವಳ ತೋಳಿನ ಬಿ.ಸಿ.ಜಿ. ಗುರುತು ಇದರ ಮುಂದೆ ಬರೀ ಚುಕ್ಕೆ. ಸಿಡುಬು ಲೋಕದಲ್ಲೇ ಇಲ್ಲವೆಂದು 1980ರಲ್ಲಿ ಘೋಷಣೆಯಾದ ಮೇಲೆ ಈ ಗುರುತು ನಮ್ಮಂಥ ಮುದುಕಿಯರ ಪಾಲಿಗೇ ಉಳಿಯಿತು.

ಹೀಗಿರುವಾಗ 2003ರ ಮಾರ್ಚ್‌ನಲ್ಲಿ ಅಮೆರಿಕದಿಂದ ತಂಗಿ ಫೋನ್ ಮಾಡಿ, "ಅಕ್ಕಾ, ಮತ್ತೆ ಮೈಲಿ ಹಾಕಿಸಿಕೊಂಡೆ ಕಣೇ" ಎಂದಾಗ ನನಗೆ ನಗು ಬಂತು. ಅವಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. 2001ರ ದಾಳಿಗಳ ನಂತರ, ಯಾರಾದರೂ ಸಿಡುಬಿನ ವೈರಸ್ಸನ್ನೇ ಆಯುಧ ಮಾಡಿಕೊಂಡರೆ ಎಂಬ ಭಯ ಆ ದೇಶಕ್ಕೆ ಹಿಡಿದಿತ್ತು. ಸೈನಿಕರಿಗೆ, ಇಷ್ಟಪಟ್ಟು ಮುಂದೆ ಬಂದ ಆಸ್ಪತ್ರೆಯವರಿಗೆ ಹಳೆಯ ಲಸಿಕೆಯನ್ನೇ ಹಾಕತೊಡಗಿದ್ದರು. ಎರಡು ಮೊನೆಯ ಸೂಜಿ. ಹೊಸಬರಿಗೆ ಮೂರು ಚುಚ್ಚು, ಹಳೆಯ ಗುರುತಿದ್ದ ಇವಳಿಗೆ ಹದಿನೈದು!

ದಿನಾ ಪಟ್ಟಿ ಬಿಚ್ಚಿ ನೋಡುತ್ತಿದ್ದರಂತೆ. ಗುಳ್ಳೆ ಎದ್ದಿತೇ, ಕೀವು ಕಟ್ಟಿತೇ? ಎಲ್ಲರ ಕಣ್ಣೂ ತೋಳಿನ ಮೇಲೆ. ಒಂಬತ್ತನೆಯ ದಿನ ಇವಳಿಗೆ ಎದೆ ಹಿಡಿದಂತಾಯಿತು. ಅಂಗಾತ ಮಲಗಿದರೆ ಹೆಚ್ಚು, ಎದ್ದು ಕೂತರೆ ಕಡಿಮೆ. ನರ್ಸಾದವಳು ಏನು ಮಾಡಿದಳು ಗೊತ್ತೆ? ಗ್ಯಾಸು ಎಂದುಕೊಂಡು ಜೀರಿಗೆ ಕಷಾಯ ಕುಡಿದು ಡ್ಯೂಟಿಗೆ ಹೋದಳು. ನಾವು ಹೆಂಗಸರ ಎದೆನೋವೆಲ್ಲ ಗ್ಯಾಸೇ ತಾನೆ?

ಅದೇ ಹೊತ್ತಿಗೆ ಲಸಿಕೆ ಪಡೆದ ಕೆಲವರಿಗೆ ಹೃದಯದ ತೊಂದರೆ ಕಾಣಿಸಿಕೊಂಡ ಸುದ್ದಿ ಬಂದಿತ್ತು. ತಿಂಗಳ ಕೊನೆಯಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರದವರು ಹೃದ್ರೋಗಿಗಳಿಗೆ ಸದ್ಯಕ್ಕೆ ಈ ಲಸಿಕೆ ಬೇಡ ಎಂದರು. ಪಟ್ಟಿ ಬಿಚ್ಚುತ್ತಿದ್ದಾಕೆ ಅಂದು ಮೊದಲ ಸಲ, "ಎದೆಯಲ್ಲಿ ಏನಾದರೂ?" ಎಂದು ಕೇಳಿದಳಂತೆ. ಇವಳು "ಏನಿಲ್ಲ" ಎಂದು ಬಾಗಿಲ ತನಕ ಹೋದವಳು ತಿರುಗಿ ಬಂದು ಹೇಳಿದಳು. ಇಸಿಜಿ ತೆಗೆದರು, ರಕ್ತದಲ್ಲಿ ಟ್ರೋಪೋನಿನ್ ನೋಡಿದರು. ಹೃದಯದ ಹೊರಪೊರೆ ಊದಿಕೊಂಡಿತ್ತು. ವಿಶ್ರಾಂತಿ, ನೋವಿನ ಮಾತ್ರೆ. ವಾಸಿಯಾಯಿತು, ದೇವರು ದೊಡ್ಡವನು.

ಆ ವರ್ಷ ಅಕ್ಟೋಬರ್‌ವರೆಗೆ ಲಸಿಕೆ ಪಡೆದ 37,901 ನಾಗರಿಕರಲ್ಲಿ ಇಂಥ ಊತ ಕಂಡದ್ದು 21 ಮಂದಿಗೆ. ಹೃದಯಾಘಾತ ಆದವರೂ ಇದ್ದರು. ಅದು ಲಸಿಕೆಯಿಂದಲೇ ಎಂದು ರುಜುವಾಗಲಿಲ್ಲ. ಸೈನ್ಯದಲ್ಲಿ ಮೊದಲ ಸಲ ಹಾಕಿಸಿಕೊಂಡ 2,30,734 ಜನರಲ್ಲಿ 18 ಮಂದಿ ಎಂಬ ಲೆಕ್ಕ ಮೊದಲು ಬಂತು, ಎಂದರೆ ಸುಮಾರು ಹದಿಮೂರು ಸಾವಿರಕ್ಕೊಬ್ಬರು. ಆಮೇಲೆ 1,081 ಜನರನ್ನು ಲಸಿಕೆಗೆ ಮುಂಚೆಯೂ ನಂತರವೂ ರಕ್ತ ಪರೀಕ್ಷಿಸಿ ಕಾದು ನೋಡಿದರು. ಆ ವರದಿ 2015ರಲ್ಲಿ ಬಂತು: ಐವರಿಗೆ ಊತ, ಮತ್ತೆ 31 ಮಂದಿಗೆ ಎದೆಯಲ್ಲಿ ಯಾವ ತೊಂದರೆಯೂ ಇಲ್ಲದೆ ಟ್ರೋಪೋನಿನ್ ಏರಿತ್ತು. ಹೇಳಿಕೊಂಡವರನ್ನು ಎಣಿಸುವುದು ಒಂದು, ಹುಡುಕಿಕೊಂಡು ಹೋಗಿ ನೋಡುವುದು ಇನ್ನೊಂದು. 2007ರಲ್ಲಿ ಒಪ್ಪಿಗೆ ಪಡೆದ ಮುಂದಿನ ಲಸಿಕೆಯ ಜೊತೆಗೆ ಈ ಎಚ್ಚರಿಕೆಯನ್ನೂ ಅಚ್ಚು ಹಾಕಿದರು.

ಇದನ್ನು ಕೇಳಿ ಲಸಿಕೆಯನ್ನು ಬೈಯುವವಳು ನಾನಲ್ಲ. ಸಿಡುಬು ಬಂದ ಹತ್ತರಲ್ಲಿ ಮೂವರು ಸಾಯುತ್ತಿದ್ದ ಕಾಲ ಅದು. ನಮಗೆ ಮೈಲಿ ಹಾಕಿದಾಗ ತೋಳು ಊದಿ ಜ್ವರ ಬಂದು, ಅಮ್ಮ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದು ನೆನಪಿದೆ. "ಗುಳ್ಳೆ ಎದ್ದಿತಾ?" ಎಂದು ಬೀದಿಯವರೆಲ್ಲ ಕೇಳಿದರು. ಎದ್ದರೆ ಸರಿ, ಕೆಲಸ ಮುಗಿಯಿತು. ಎದೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಹೋದ ಭಾನುವಾರ ತಂಗಿಯ ಫೋನ್ ಬಂದಾಗ, ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ, ಗ್ಯಾಸು ಇರಬೇಕು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಭಾವನಿಗೆ ಫೋನ್ ಕೊಡು" ಎಂದಳು.